ತೊಡೆಯ ಮೇಲೆ ಕೂರುವ ಪೇಟಿ

ಮನೆ ತುಂಬ ಜನ ಇರುವವರಿಗೆ ಸಾಮಾನು ಕೊಳ್ಳುವುದು ಸುಲಭ ಎಂದು ನನ್ನ ಅನಿಸಿಕೆ. ನೀವು ಒಪ್ಪಲಿಕ್ಕಿಲ್ಲ. ಗಂಡ ಬೇಡ ಎನ್ನುತ್ತಾನೆ, ಅತ್ತೆ ಮೂಗು ಮುರಿಯುತ್ತಾಳೆ, ಮಕ್ಕಳು ಬೇರೆ ಬಣ್ಣದ್ದೇ ಬೇಕೆಂದು ಹಟ ಹಿಡಿಯುತ್ತಾರೆ ಎಂದು ದೂರುತ್ತೀರಿ. ಆದರೆ ಅಷ್ಟು ಜನ ಅಡ್ಡಗಾಲು ಹಾಕಿದ ಮೇಲೆ ಅಂಗಡಿಯಲ್ಲಿ ಉಳಿಯುವುದೇ ಒಂದೋ ಎರಡೋ. ಅದನ್ನು ಎತ್ತಿಕೊಂಡು ಬಂದರಾಯಿತು. ನನ್ನಂಥ ಒಂಟಿ ಹೆಂಗಸಿನ ಕಷ್ಟವೇ ಬೇರೆ. ಬೇಡ ಎನ್ನಲು ಒಬ್ಬರೂ ಇಲ್ಲ. ಎಲ್ಲವನ್ನೂ ಕೊಳ್ಳಬಹುದಾದ್ದರಿಂದ ಯಾವುದನ್ನೂ ಕೊಳ್ಳಲಾಗುವುದಿಲ್ಲ. ಹಿಂದೊಮ್ಮೆ ಸೀಮೆಎಣ್ಣೆ ಸ್ಟವ್ ತರಲು ಹೋಗಿದ್ದಾಗ ಪಕ್ಕದಲ್ಲಿ ಗಂಡ ಹೆಂಡತಿ ಜಗಳವಾಡುತ್ತಿದ್ದರು. ನಾನು ಕಿವಿಗೊಟ್ಟು ಕೇಳಿ, ಮನಸ್ಸಿನಲ್ಲೇ ಗಂಡನ ಪರ ವಹಿಸಿ, ಅವನು ಹೇಳಿದ ಸ್ಟವ್ವನ್ನೇ ತಂದೆ. ಅದು ತಿಂಗಳೊಳಗೆ ಸೋರತೊಡಗಿತು. ಹೆಂಡತಿಯ ಮಾತೇ ಸರಿಯಿತ್ತು.

ಹೊಸ ಶತಮಾನ ಆಗಷ್ಟೇ ಶುರುವಾಗಿದ್ದ ಕಾಲ. ನಾನು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದೆ. ಗಾಜಿಗೆ ಕೊರೆದ ಒಂದು ಕಿಂಡಿ, ಅದರೊಳಗೆ ಬರುವ ಕೈಗಳು, ಆ ಕೈಗಳಿಗೆ ನಾನು ಹೇಳುವ ಮಾತು: ‘ಇದು ಊಟಾದ ಮ್ಯಾಲೆ, ಇದು ಊಟಕ್ಕಿಂತ ಮೊದ್ಲು.’ ಸಂಜೆ ಬಾಡಿಗೆ ರೂಮಿನ ಬೀಗ ತೆಗೆದರೆ ಅಂದಿನ ಮಾತು ಮುಗಿದಂತೆ. ಒಂದು ದಿನ ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತ ‘ಊಟಾದ ಮ್ಯಾಲೆ’ ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಯಾರಿಗೆ ಅಂದೆನೋ! ಅನ್ನದ ತಟ್ಟೆಗೇ ಇರಬೇಕು. ಮನೆಯಲ್ಲಿ ಇನ್ನೊಂದು ದನಿ ಬೇಕು ಎಂದು ಆ ಹೊತ್ತೇ ತೀರ್ಮಾನಿಸಿದೆ. ರೇಡಿಯೋ ಇತ್ತು. ಅದು ತನ್ನ ಪಾಡಿಗೆ ತಾನು ಮಾತಾಡುತ್ತದೆ, ನನ್ನದೇನನ್ನೂ ಕೇಳಿಸಿಕೊಳ್ಳುವುದಿಲ್ಲ. ಹರಪನಹಳ್ಳಿಯಲ್ಲಿ ನಾನು ಚಿಕ್ಕವಳಿದ್ದಾಗ ಅಪ್ಪ ಹಾರ್ಮೋನಿಯಂ ಕಲಿಸಿದ್ದರು. ಆ ಪೇಟಿ ಈಗ ಅಣ್ಣನ ಮನೆಯಲ್ಲಿ ಅತ್ತಿಗೆಯ ಹಾಸಿಗೆ ಹೊದಿಕೆಗಳನ್ನು ಹೊತ್ತು ಕುಳಿತಿದೆ. ತರೋಣವೆಂದರೆ ಅದು ಕಾಲಿನಲ್ಲಿ ತಿದಿ ಒತ್ತುವಂಥದ್ದು, ಇಬ್ಬರು ಎತ್ತುವ ಭಾರ. ನನ್ನದೋ ವರ್ಗಾವಣೆಯ ನೌಕರಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುವಂಥ, ಕರೆಂಟು ಹೋದರೆ ಸೆಲ್ಲಿನಲ್ಲಿ ನಡೆಯುವಂಥ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಸಾಕು ಅನಿಸಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಟೇಪ್‌ರೆಕಾರ್ಡರು, ಕ್ಯಾಸೆಟ್ಟು, ಗೋಡೆ ಗಡಿಯಾರಗಳ ಅಂಗಡಿ ಇಟ್ಟಿದ್ದ ಕೊಟ್ರೇಶಪ್ಪನವರಲ್ಲಿಗೆ ಹೋದೆ.

‘ಎಷ್ಟನೇ ಕ್ಲಾಸಿನ್ಯಾಗ ಅದಾನ್ರಿ ಹುಡುಗ?’ ಎಂದರು.

‘ಯಾವ ಹುಡುಗ?’

‘ಬಾರ್ಸೋ ಹುಡುಗ್ರಿ.’

‘ಬಾರ್ಸಾಕಿ ನಾನೇ’ ಎಂದೆ. ಅವರು ನನ್ನ ತಲೆಗೂದಲನ್ನು, ಅದರಲ್ಲೂ ಬೆಳ್ಳಗಾದ ಭಾಗವನ್ನು, ಒಮ್ಮೆ ನೋಡಿದರು. ‘ಇರ್ಲಿ ಬಿಡ್ರಿ, ವಯಸ್ಸಿನ್ಯಾಗ ಏನೈತಿ’ ಎಂದು ಕೇಳದೆಯೇ ಸಮಾಧಾನ ಹೇಳಿದರು. ಆಮೇಲೆ ಒಂದೊಂದಾಗಿ ಕೀಬೋರ್ಡುಗಳನ್ನು ಕೆಳಗಿಳಿಸಿದರು. ಒಂದರ ಮನೆಗಳು, ಎಂದರೆ ಬೆರಳಿಡುವ ಕಪ್ಪು ಬಿಳಿ ಪಟ್ಟಿಗಳು, ಎಷ್ಟು ಸಣ್ಣವೆಂದರೆ ‘ಸ’ ಒತ್ತಿದರೆ ‘ರಿ’ಯೂ ಜೊತೆಗೆ ಎದ್ದುಬರುತ್ತಿತ್ತು. ಇನ್ನೊಂದು ನನ್ನ ಮಂಚದಷ್ಟು ಉದ್ದ. ಮತ್ತೊಂದರಲ್ಲಿ ಗುಂಡಿ ಒತ್ತಿದರೆ ನಾಯಿ ಬೊಗಳುತ್ತಿತ್ತು. ನಮ್ಮ ಓಣಿಯಲ್ಲಿ ಆ ಸೌಕರ್ಯ ಮೊದಲೇ ಇದೆ ಎಂದೆ. ಕೊಟ್ರೇಶಪ್ಪನವರು ಸೋಲಲಿಲ್ಲ. ‘ಇದನ್ನ ಕಿವಿಗೆ ಹಾಕ್ಕೊಂಡ್ರ ನಿಮಗಷ್ಟ ಕೇಳ್ತೈತಿ. ಬಾಜೂ ಮಂದಿಗೆ ತ್ರಾಸಿಲ್ಲ’ ಎಂದು ಹೆಡ್‌ಫೋನನ್ನೂ ತೋರಿಸಿದರು. ನಾನು ಎಲ್ಲಕ್ಕೂ ತಲೆಯಾಡಿಸಿ ಬರಿಗೈಯಲ್ಲಿ ಮನೆಗೆ ಬಂದೆ.

ಮೆಟ್ಟಿಲ ಬಳಿ ಗಿರಿಜಮ್ಮ ಕೂತಿದ್ದರು. ಮನೆಯ ಒಡತಿ, ಕೆಳಗಿನ ಭಾಗದಲ್ಲಿ ಒಬ್ಬರೇ ಇದ್ದರು. ವಯಸ್ಸಿನಲ್ಲಿ ನಾಟಕ ಕಂಪನಿಗಳಲ್ಲಿ ಹಾಡಿ ಅಭಿನಯಿಸಿ, ಊರೂರು ತಿರುಗಿ, ಆ ಸಂಪಾದನೆಯಲ್ಲೇ ಈ ಮನೆ ಕಟ್ಟಿಸಿಕೊಂಡವರು. ನಮ್ಮಿಬ್ಬರ ನಡುವೆ ಅಲ್ಲಿಯವರೆಗೆ ಇದ್ದ ಮಾತು ‘ನಳ ಬಂತ್ರಿ’, ‘ಕರೆಂಟ್ ಹೋತ್ರಿ’ ಅಷ್ಟೇ. ಅಂದು ಮಾತ್ರ, ಕೈ ಯಾಕೆ ಖಾಲಿ ಎಂದು ಅವರು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿಬಿಟ್ಟೆ.

‘ಅಯ್ಯ, ಪೇಟಿ ಆರ್ಸಾಕ ನನ್ನ ಬಿಟ್ಟು ಹೋಗಿದ್ರೇನ್ರಿ ಅಕ್ಕಾರ? ಎಷ್ಟು ಮಂದಿ ಪೇಟಿ ಮಾಸ್ತರನ್ನ ಓಡ್ಸೀನಿ ನಾನು! ನಾಳಿ ನಡ್ರಿ’ ಎಂದರು.

ಮರುದಿನ ಕೊಟ್ರೇಶಪ್ಪನವರ ಅಂಗಡಿಯಲ್ಲಿ ಗಿರಿಜಮ್ಮ ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕುಳಿತರು. ನನಗೆ ಸುರ ಹಿಡಿಯಲು ಹೇಳಿ, ಮಗನನ್ನು ಕಳೆದುಕೊಂಡ ರಾಣಿಯೊಬ್ಬಳ ಹಾಡು ಎತ್ತಿಕೊಂಡರು. ದನಿ ಸ್ವಲ್ಪ ಒಡೆದಿತ್ತು, ಆದರೆ ಅಂಗಡಿಯ ಗಡಿಯಾರಗಳೆಲ್ಲ ನಿಂತು ಕೇಳುತ್ತಿವೆಯೇನೋ ಅನ್ನಿಸಿತು. ಕೊಟ್ರೇಶಪ್ಪನವರು ಉತ್ಸಾಹದಿಂದ ತಾಳದ ಗುಂಡಿ ಒತ್ತಿದರು. ರಾಣಿ ಒಂದು ಸಾಲಿನ ಕೊನೆಯಲ್ಲಿ ನಿಂತು ದುಃಖವನ್ನು ಎಳೆಯುತ್ತಿದ್ದರೆ ಯಂತ್ರ ಧಡಬಡ ಮುಂದೆ ಓಡಿತು.

‘ಏ, ನಿಂದ್ರಸ್ರಿ ಅದನ್ನ! ನಾನಿಲ್ಲಿ ಅಳಾಕತ್ತೀನಿ, ಅದು ಮದುವಿ ಮೆರವಣಿಗಿ ಹೊಂಟೈತಿ.’

‘ಮಷಿನ್ ಅಲ್ಲೇನ್ರೀ ಯವ್ವಾ. ಅದಕ್ಕ ನಿಮ್ಮ ಮುಖ ಕಾಣಂಗಿಲ್ಲ.’

‘ಮುಖ ನೋಡದ ಪೇಟಿ ನಮಗ ಬ್ಯಾಡ’ ಎಂದು ಗಿರಿಜಮ್ಮ ಎದ್ದೇಬಿಟ್ಟರು. ಹೊರಗೆ ಬಸ್ಸಿಗೆ ಕಾಯುತ್ತಿದ್ದವರು ಚಪ್ಪಾಳೆ ತಟ್ಟಿದರು. ಗಿರಿಜಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಪರದೆಯ ಮುಂದೆ ನಿಂತವರಂತೆ, ಎಲ್ಲರಿಗೂ ಕೈಮುಗಿದೇ ಇಳಿದರು.

ಬೇಡ ಎನ್ನುವವರೊಬ್ಬರು ನನಗೂ ಸಿಕ್ಕಿದರು! ಅಲ್ಲಿಂದ ಶುರುವಾಯಿತು ನಮ್ಮ ಭಾನುವಾರಗಳ ಸವಾರಿ. ಕೂಡ್ಲಿಗಿಯ ಅಂಗಡಿಯಲ್ಲಿದ್ದ ಕೀಬೋರ್ಡಿನ ದನಿ ನೆಗಡಿ ಬಂದವರ ದನಿಯಂತಿದೆ ಎಂದು ಗಿರಿಜಮ್ಮ ತಳ್ಳಿಹಾಕಿದರು. ಕೊಟ್ಟೂರಿನಲ್ಲಿ ಕೀಬೋರ್ಡೇ ಇರಲಿಲ್ಲ. ಬಂದದ್ದಕ್ಕೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ಅದರ ಖಾರಕ್ಕೆ ಕಣ್ಣೀರು ಹಾಕುತ್ತ ಇಬ್ಬರೂ ಬಹಳ ಹೊತ್ತು ನಕ್ಕೆವು. ಹರಪನಹಳ್ಳಿಯಲ್ಲಿ ಒಂದು ನಿಜಕ್ಕೂ ಚೆನ್ನಾಗಿತ್ತು. ಮನೆಗಳು ಬೆರಳಿಗೆ ಸರಿಹೊಂದುತ್ತಿದ್ದವು, ತೂಕ ಹಗುರ, ತೊಡೆಯ ಮೇಲೆ ಮಗುವಿನಂತೆ ಕೂರುತ್ತಿತ್ತು. ಗಿರಿಜಮ್ಮ ಬಾಯಿ ತೆರೆಯುವ ಮೊದಲೇ ನಾನು ‘ಬಣ್ಣ ಸರಿ ಇಲ್ಲ’ ಎಂದೆ. ಕಪ್ಪು ಬಣ್ಣ. ಅದರಲ್ಲಿ ಸರಿಯಿಲ್ಲದ್ದು ಏನಿರುತ್ತದೆ? ಗಿರಿಜಮ್ಮ ನನ್ನ ಮುಖ ನೋಡಿ, ‘ಹೌದ್ ನೋಡ್ರಿ, ಭಾಳ ಕರ್ರಗೈತಿ’ ಎಂದರು. ಬಸ್ಸಿನಲ್ಲಿ ಅವರು ಕಿಟಕಿಗೆ ತಲೆಯಾನಿಸಿ ಹಳೆಯ ಕಂಪನಿಯ ಕತೆ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ವಾರವಿಡೀ ಕಿಂಡಿಯ ಹಿಂದೆ ಕುಳಿತಿರುವಾಗ ನಾನು ಭಾನುವಾರಕ್ಕೆ ಯಾವ ಊರು ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದೆ. ನಮ್ಮ ಸೀಮೆಯಲ್ಲಿ ಊರುಗಳು ಇಷ್ಟು ಕಡಿಮೆ ಎಂದು ನನಗೆ ಗೊತ್ತಾದದ್ದು ಆಗಲೇ.

ಹೊಸಪೇಟೆಯಲ್ಲಿ ಎಲ್ಲ ಮುಗಿದುಹೋಯಿತು. ದೊಡ್ಡ ಅಂಗಡಿ. ಅಂಗಡಿಯವನು ಮೊದಲು ತೋರಿಸಿದ ಕೀಬೋರ್ಡನ್ನೇ ನೋಡಿ ಗಿರಿಜಮ್ಮ, ಹಾಡದೆ, ನನಗೆ ಬಾರಿಸಲೂ ಹೇಳದೆ ‘ಇದನ್ನ ತಗೊಳ್ರಿ’ ಎಂದರು.

‘ದನಿ ಕೇಳ್ಬೇಕಲ್ರೀ?’

‘ಎಲ್ಲಾ ಒಂದs. ತಗೊಳ್ರಿ ಸಾಕು.’

ನಾನು ದುಡ್ಡು ಎಣಿಸಿಕೊಟ್ಟೆ. ನನ್ನ ಸಹವಾಸ ಬೇಸರವಾಯಿತೇ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಬಸ್ಸು ಹತ್ತುವಾಗ ಕಾರಣ ಕಂಡಿತು. ಮೆಟ್ಟಿಲ ಮೇಲೆ ಕಾಲಿಟ್ಟವರು ಮೇಲೇಳಲಾರದೆ ಕಂಬಿ ಹಿಡಿದು ನಿಂತರು. ಕಂಡಕ್ಟರ್ ಕೈಕೊಟ್ಟು ಎಳೆದುಕೊಂಡ. ‘ಮೊಣಕಾಲು ಬ್ಯಾಡ ಅನ್ನಾಕತ್ತಾವ್ರಿ ಅಕ್ಕಾರ’ ಎಂದು ನಕ್ಕರು. ನಾನು ಊರು ಬರುವವರೆಗೂ ಆ ಕೀಬೋರ್ಡನ್ನು ತೊಡೆಯ ಮೇಲೆ ಹಿಡಿದು ಕುಳಿತಿದ್ದೆ. ಸಾಮಾನು ಸಿಕ್ಕಿತ್ತು. ಸಾಮಾನು ಹುಡುಕುವ ಕೆಲಸ ಕಳೆದುಹೋಗಿತ್ತು.

ಆಮೇಲಿನ ದಿನಗಳಲ್ಲಿ ನಾನು ಸಂಜೆ ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿಕೊಂಡು, ಕೀಬೋರ್ಡಿನ ಜೊತೆ ಬಂದಿದ್ದ ಹೆಡ್‌ಫೋನು ಹಾಕಿಕೊಂಡು ಬಾರಿಸುತ್ತಿದ್ದೆ. ಕೆಳಗೆ ಮೊಣಕಾಲು ನೋವಿನವರು ಮಲಗಿದ್ದಾರೆ, ನನ್ನ ಅಪಸ್ವರ ಅವರಿಗೇಕೆ ಎಂಬ ಸೌಜನ್ಯ. ಕಿವಿಯೊಳಗೆ ಸಂಗೀತ, ರೂಮಿನಲ್ಲಿ ಮೊದಲಿಗಿಂತ ಹೆಚ್ಚು ಮೌನ. ಗಿರಿಜಮ್ಮ ನಳ ಬಂದದ್ದನ್ನೂ ಹೇಳುತ್ತಿರಲಿಲ್ಲ. ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಮೊಣಕಾಲಿಗೆ ಮುಲಾಮು ತಂದುಕೊಟ್ಟರೆ ‘ಅಲ್ಲಿಡ್ರಿ’ ಅಷ್ಟೇ.

ಒಂದು ಸಂಜೆ ಹೆಗಲ ಮೇಲೆ ಕೈಬಿತ್ತು. ಹೌಹಾರಿ ಹೆಡ್‌ಫೋನು ಕಿತ್ತೆ. ಗಿರಿಜಮ್ಮ! ಆ ಕಾಲಿನಲ್ಲಿ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

‘ಕೆಟ್ಟೈತೇನ್ರಿ? ದನಿನs ಬರವಲ್ದಲ್ಲ?’

‘ಕೆಟ್ಟಿಲ್ರೀ. ಇದು ಕಿವಿಗೆ ಹಾಕ್ಕೊಂಡ್ರೆ ನನಗಷ್ಟೇ ಕೇಳೋದು. ನಿಮಗೆ ತೊಂದ್ರೆ ಆಗಬಾರ್ದು ಅಂತ...’

‘ನನಗ ತೊಂದ್ರಿ ಅಂತ ಯಾರ್ ಹೇಳಿದ್ರು?’ ಅವರ ದನಿ ಏರಿತು. ‘ದಿನಾ ಸಂಜಿಕ ಬಾಗ್ಲಾ ತಗದು ಕುಂದರ್ತೀನಿ, ಈಗ ಬಾರಿಸ್ಯಾರು, ಈಗ ಬಾರಿಸ್ಯಾರು ಅಂತ. ನನಗ ಕೇಳ್ಸಬಾರ್ದು ಅಂತ ಬಾಗ್ಲಾ ಹಾಕ್ಕೊಂಡ್ರಿ ಅನ್ಕೊಂಡಿದ್ದೆ.’ ಅಷ್ಟು ಹೇಳಿ ನನ್ನ ಮಂಚದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರೋ ಏನೋ ನಾನು ನೋಡಲಿಲ್ಲ. ನನ್ನದೇ ಕಣ್ಣು ಒರೆಸಿಕೊಳ್ಳುವ ಕೆಲಸವಿತ್ತು.

ಹೆಡ್‌ಫೋನಿನ ವಯರು ಕಿತ್ತೆಸೆದು, ಅವರನ್ನು ನಿಧಾನವಾಗಿ ಕೆಳಗಿಳಿಸಿ, ಕೀಬೋರ್ಡನ್ನೂ ಅವರ ಪಡಸಾಲೆಗೇ ಒಯ್ದೆ. ಗೋಡೆಗೊರಗಿ, ಕಾಲು ನೀಡಿ, ಅವರು ಹಾಡಿದರು. ನಾನು ಬೆರಳು ಬಿದ್ದಲ್ಲಿ ಬಾರಿಸಿದೆ. ಎಲ್ಲೆಲ್ಲಿ ತಪ್ಪಿದೆ ಎಂದು ಹೇಳುವುದಕ್ಕಿಂತ ಎಲ್ಲಿ ಸರಿಹೋಯಿತು ಎಂದು ಹೇಳುವುದು ಸುಲಭ. ಕೊನೆಯ ‘ಸ’ ಸರಿಯಾಗಿ ಬಿತ್ತು. ಅಷ್ಟಕ್ಕೇ ನಾನು ಬೀಗಿ, ಮೆಚ್ಚುಗೆ ಬರುವುದೆಂದು ಅವರ ಮುಖ ನೋಡಿದೆ.

ಗಿರಿಜಮ್ಮ ಎಲೆಅಡಿಕೆಯ ಚೀಲಕ್ಕೆ ಕೈಹಾಕಿದರು. ಅಷ್ಟು ದಿನ ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಅಂದು ಮೊದಲ ಬಾರಿಗೆ ಅದನ್ನು ಬಿಟ್ಟು ಹೇಳಿದರು:

‘ಪೇಟಿ ಭೇಷ್ ಐತಿ ತಂಗಿ. ಬಾರ್ಸಾಕಿನ್ನ ಆರಿಸೋದ್ರಾಗ ಎಡವಟ್ಟಾತು ನೋಡು.’