ಗಮನವಿಟ್ಟು ಕೇಳುತ್ತಾಳೆ ಎಂದು ಬರೆದ ತಪ್ಪಿಗೆ

ಯಾವ ಕಾಗದವನ್ನೂ ಎಸೆಯದೆ ಕೂಡಿಡುವವರು ಒಂದಲ್ಲ ಒಂದು ದಿನ ಆ ಕಾಗದದಿಂದಲೇ ಪೆಟ್ಟು ತಿನ್ನುತ್ತಾರೆ ಎಂಬ ಸತ್ಯ ನನಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು. ನನ್ನ ತಂದೆ ಸಮುದ್ರಕ್ಕೆ ಹೋಗುತ್ತಿದ್ದವರು. ಹೊತ್ತಿಗೆ ಸರಿಯಾಗಿ ಏಳದವನಿಗಾಗಿ ದೋಣಿ ಕಾಯುವುದಿಲ್ಲ ಎಂಬುದು ಅವರು ನಮಗೆ ಕಲಿಸಿದ ಮೊದಲ ಪಾಠ, ಬಹುಶಃ ಕೊನೆಯದೂ ಅದೇ. ನಾನು ದೋಣಿ ಹತ್ತದೆ ಶಾಲೆಯ ಮಾಸ್ತರನಾದರೂ ಆ ಪಾಠ ನನ್ನನ್ನು ಬಿಡಲಿಲ್ಲ. ಕಾವೂರಿನ ನಮ್ಮ ಮನೆಯಲ್ಲಿ ಐದೂವರೆಗೆ ಚಾ, ಆರಕ್ಕೆ ಪತ್ರಿಕೆ, ಏಳಕ್ಕೆ ಸ್ನಾನ. ಬಲ್ಬು ಸುಟ್ಟುಹೋಗಿ ವರ್ಷಗಳಾದರೂ ಅದರ ರಸೀದಿ ಕ್ಷೇಮವಾಗಿರುತ್ತದೆ.

ಇಂಥ ಮನೆಯಲ್ಲಿ ಶರ್ಮಿಳಾ ಹುಟ್ಟಿದಳು. ಈಗ ಅವಳಿಗೆ ಮೂವತ್ತಾರು, ಮೀನು ರಫ್ತು ಮಾಡುವ ಕಂಪೆನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಒಮ್ಮೆ ಸ್ಕೂಟರನ್ನು ಮಾರುಕಟ್ಟೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದು, ಸ್ಕೂಟರ್ ಕಳವಾಗಿದೆಯೆಂದು ಪೊಲೀಸ್ ಠಾಣೆಗೆ ಹೊರಟವಳು ಅವಳು. ಕಳೆದ ವರ್ಷ ಡಾಕ್ಟರು ಪರೀಕ್ಷಿಸಿ, ಇದು ಉದಾಸೀನವಲ್ಲ, ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ, ದೊಡ್ಡವರಲ್ಲೂ ಇರುತ್ತದೆ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ತಿಂದ ದಿನ ಅವಳು ಹಿಡಿದ ಕೆಲಸ ಮುಗಿಸುತ್ತಾಳೆ. ಆದರೆ ಅದು ದುಬಾರಿ. ಆಫೀಸಿನ ಆರೋಗ್ಯ ವಿಮೆಯಲ್ಲಿ ಔಷಧಿಯ ಖರ್ಚೂ ಸೇರಿದ್ದರೂ ಇದೊಂದನ್ನು ಮಾತ್ರ ಅವರು ಒಪ್ಪಲಿಲ್ಲ. ಹಾಗಾಗಿ ದಿನ ಬಿಟ್ಟು ದಿನ ತಿನ್ನತೊಡಗಿದಳು. ಬಿಟ್ಟ ದಿನವೊಂದರಲ್ಲಿ ಬಂಗುಡೆಯ ಕಾಗದ ಸಿಗಡಿಯ ಕಂಟೇನರಿನ ಜೊತೆ ಹೋಯಿತು. ಇನ್ನೊಮ್ಮೆ ಹೀಗಾದರೆ ಮನೆಯಲ್ಲೇ ಇರಬಹುದು ಎಂದು ಮ್ಯಾನೇಜರು ಲಿಖಿತವಾಗಿ ತಿಳಿಸಿದರು.

ಆಗ ನಾನು ರಂಗಕ್ಕಿಳಿದೆ. ವಿಮೆಯವರ ಮೊದಲ ಉತ್ತರ, ಇದು ಮಕ್ಕಳ ಕಾಯಿಲೆ, ತಮ್ಮ ಮಗಳು ವಯಸ್ಕರು ಎಂದು. ಮಕ್ಕಳು ಬೆಳೆಯುತ್ತಾರೆ ಎಂದು ನಾನು ಬರೆದೆ. ಫೋನು ಮಾಡಿದರೆ ಒಂದು ಒತ್ತಿ, ನಾಲ್ಕು ಒತ್ತಿ, ಆಮೇಲೆ ಇಪ್ಪತ್ತಾರು ನಿಮಿಷ ಕೊಳಲು. ಕೊನೆಗೆ ಸಿಕ್ಕಿದ ಹೆಂಗಸು, ಚಿಕ್ಕಂದಿನಿಂದಲೇ ಇತ್ತು ಎನ್ನುವುದಕ್ಕೆ ಶಾಲೆಯ ದಾಖಲೆ ಕಳಿಸಿ ಎಂದರು. ದಾಖಲೆ! ನನ್ನನ್ನು ಕೇಳುವ ಪ್ರಶ್ನೆಯೇ ಅದು? ಒಂದರಿಂದ ಏಳನೇ ಕ್ಲಾಸಿನವರೆಗಿನ ಪ್ರಗತಿಪತ್ರಗಳನ್ನು ಪುಟಸಂಖ್ಯೆ ಹಾಕಿ, ಪರಿವಿಡಿ ಸಮೇತ ಕಳಿಸಿದೆ.

ಎಂಟೇ ದಿನದಲ್ಲಿ ತಿರಸ್ಕಾರ. ಕಾರಣವಾಗಿ ಆರನೇ ಕ್ಲಾಸಿನ ಷರಾವನ್ನೇ ಎತ್ತಿ ಬರೆದಿದ್ದರು: ‘ಶಿಸ್ತಿನ ವಿದ್ಯಾರ್ಥಿನಿ. ಪಾಠವನ್ನು ಗಮನವಿಟ್ಟು ಕೇಳುತ್ತಾಳೆ.’ ಕೆಳಗೆ ಕ್ಲಾಸ್ ಟೀಚರ್ ಸಹಿ. ಅದರ ಪಕ್ಕದಲ್ಲಿ ಪೋಷಕರ ಸಹಿ. ಎರಡೂ ನನ್ನವೇ. ಆ ವರ್ಷ ಅವಳು ನನ್ನ ಕ್ಲಾಸಿನಲ್ಲೇ ಇದ್ದಳು.

“ಕಳಿಸುವ ಮೊದಲು ಓದಿದ್ದೀರಾ ಪಪ್ಪ?” ಎಂದು ಶರ್ಮಿಳಾ ಕೇಳಿದಳು. ಪುಟಸಂಖ್ಯೆ ಹಾಕುವ ಭರದಲ್ಲಿ ಓದಿರಲಿಲ್ಲ.

ಮರುದಿನ ಪಂಪ್‌ವೆಲ್ ಸರ್ಕಲ್ಲಿನ ಕಟ್ಟಡವೊಂದರ ಮಹಡಿಯಲ್ಲಿರುವ ವಿಮಾ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಅಧಿಕಾರಿ ಎದ್ದು ನಿಂತು ನಮಸ್ಕರಿಸಿದಳು. ಅದೇ ಆರನೇ ಕ್ಲಾಸಿನಲ್ಲಿ ಶರ್ಮಿಳಾಳ ಬೆಂಚಿನಲ್ಲೇ ಕೂರುತ್ತಿದ್ದ ವನಿತಾ. ನನಗೆ ಜೀವ ಬಂದಂತಾಯಿತು. ನೀನೇ ಸಾಕ್ಷಿಯಲ್ಲವೇ ಎಂದೆ.

“ನಂಗೆ ಗೊತ್ತುಂಟು ಮಾಸ್ಟ್ರೇ. ಅವಳ ಕಂಪಾಸು, ಕೊಡೆ, ಚಪ್ಪಲಿ ಎಲ್ಲ ಹುಡುಕಿ ಕೊಡ್ತಿದ್ದದ್ದೇ ನಾನು. ಆದ್ರೆ ಎಂತ ಮಾಡುದು, ಫೈಲಲ್ಲಿ ನಿಮ್ಮ ಅಕ್ಷರ ಉಂಟಲ್ಲ. ನೀವೇ ಒಂದು ಬರೆದು ಕೊಡಿ.”

ಒಂದು ಕಾಲದಲ್ಲಿ ಇವಳಿಂದ ನೂರು ಸಲ ಬರೆಸಿದವನು ನಾನು. ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬರೆದೆ. ಆ ವರ್ಷ ಶರ್ಮಿಳಾಳ ಚೀಲ ತುಂಬಿದ್ದು ನಾನು, ಪುಸ್ತಕಗಳಿಗೆ ಬೈಂಡು ಹಾಕಿದ್ದು ನಾನು, ಅವಳ ಕಣ್ಣು ಕಿಟಕಿಯಾಚೆ ಹೋಗದಂತೆ ಅವಳ ಬೆಂಚಿನ ಪಕ್ಕದಲ್ಲೇ ಬೆತ್ತ ಹಿಡಿದು ನಿಂತು ಪಾಠ ಮಾಡಿದ್ದೂ ನಾನು. ಮಾಸ್ತರರ ಮಗಳೇ ಹೀಗೆ ಎಂದು ಸ್ಟಾಫ್ ರೂಮಿನಲ್ಲಿ ಮಾತು ಬರಬಾರದೆಂದು ಆ ಷರಾ ಬರೆದೆ.

ವನಿತಾ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. “ಎರಡೂ ನೀವೇ ಬರೆದದ್ದು. ಯಾವುದು ಸತ್ಯ ಅಂತ ಮೇಲಿನವರು ಕೇಳ್ತಾರೆ.”

“ಈಗ ಬರೆದದ್ದು,” ಎಂದೆ.

“ಸ್ವಲ್ಪ ಜೋರಾಗಿ ಹೇಳಿ ಮಾಸ್ಟ್ರೇ, ಫ್ಯಾನಿನ ಶಬ್ದ.”

ಹಿಂದೆ ಏಳೆಂಟು ಜನ ಸಾಲಿನಲ್ಲಿದ್ದರು. “ಮೊದಲು ಬರೆದದ್ದು ಸುಳ್ಳು,” ಎಂದು ಜೋರಾಗಿ ಹೇಳಿದೆ.

ಹದಿನೈದು ದಿನದಲ್ಲಿ ಮಂಜೂರಾತಿ ಬಂತು. ಈಗ ಶರ್ಮಿಳಾ ದಿನಾ ಮಾತ್ರೆ ತಿನ್ನುತ್ತಾಳೆ, ಬಂಗುಡೆ ಬಂಗುಡೆಯ ಜೊತೆಗೇ ಹೋಗುತ್ತದೆ. ನಾನೂ ಬುದ್ಧಿ ಕಲಿತು, ಮಾತ್ರೆಯ ಡಬ್ಬಿಯೊಳಗಿನ ಉದ್ದದ ಚೀಟಿಯನ್ನು ಕನ್ನಡಕ ಹಾಕಿ ಕೊನೆಯವರೆಗೂ ಓದಿದೆ. ಅಡ್ಡಪರಿಣಾಮಗಳು: ಹಸಿವಾಗದಿರುವುದು, ನಿದ್ರೆ ಬಾರದಿರುವುದು, ಎದೆ ಡವಡವ ಎನ್ನುವುದು. ಇದರಲ್ಲಿ ಯಾವುದಾದರೂ ಕಾಣಿಸಿಕೊಂಡಿದೆಯೇ ಎಂದು ಅವಳನ್ನು ಕೇಳಿದೆ.

“ಈಗ ಎಂತದ್ದೂ ಇಲ್ಲ ಪಪ್ಪ,” ಎಂದಳು. “ಇದೆಲ್ಲ ಇದ್ದದ್ದು ಆರನೇ ಕ್ಲಾಸಿನಲ್ಲಿ.”

ನಾನು ಚೀಟಿಯನ್ನು ಮಡಚಲು ಕೂತೆ. ಎಷ್ಟು ಪ್ರಯತ್ನಿಸಿದರೂ ಅದು ಮೊದಲಿನ ಮಡಿಕೆಗೆ ಬರಲಿಲ್ಲ.