ಮಾವನ ಸ್ವರದಲ್ಲಿ ಸಾಬೂನು

ಯುದ್ಧದ ದೆಸೆಯಿಂದ ಅಂಗಡಿಗಳಲ್ಲಿ ಸಾಬೂನು ಮಾಯವಾಗಿತ್ತು. ಅಕ್ಕನ ಮದುವೆ ಹತ್ತಿರ ಬಂದಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ನಾನು ಮನೆಯಲ್ಲೇ ಇದ್ದೆ. ಇನ್ನೇನು ಬೇಕು! ದಿಬ್ಬಣದವರ ಸ್ನಾನಕ್ಕೆ ಸಾಬೂನನ್ನು ನಾನೇ ಬೇಯಿಸಿ ಕೊಡುವುದೆಂದು ಲೋಕಕಲ್ಯಾಣಾರ್ಥವಾಗಿ ತೀರ್ಮಾನಿಸಿದೆ.

ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿಸಿ ಕುದಿಸುವುದು, ಅಷ್ಟೇ. ಬಿಸಿ ಹೆಚ್ಚಾದರೆ ನೊರೆ ಉಕ್ಕುತ್ತದೆ. ಕಡಿಮೆಯಾದರೆ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಅದಕ್ಕಾಗಿ ಇಷ್ಟು ಸೌದೆಗೆ ಇಷ್ಟು ಬಿಸಿ ಎಂಬ ಸಮೀಕರಣವೊಂದನ್ನು ಬಚ್ಚಲಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆದೆ. ನೋಡಲು ಬಹಳ ಗಂಭೀರವಾಗಿತ್ತು.

ಅಮ್ಮನಿಗೆ ಹಾಗೆ ಕಾಣಲಿಲ್ಲ. "ಎಂತ ಹುಚ್ಚು ಮಾರಾಯ? ಮದುವೆಯ ಹಪ್ಪಳ ಕರಿಯಲಿಕ್ಕೆ ಅಂತ ಅಣ್ಣ ವಾಮಂಜೂರಿನಿಂದ ತಂದ ಎಣ್ಣೆ ಅದು. ಅವನು ಹೇಳದೆ ಒಂದು ಹನಿ ಕೊಡುವುದಿಲ್ಲ."

ನಮ್ಮಲ್ಲಿ ಅಮ್ಮನ ಅಣ್ಣ, ಅಂದರೆ ಮಾವನೇ ಯಜಮಾನರು. ಅವರು ಚಾವಡಿಯಲ್ಲಿ ಮಲಗಿದ್ದಾರೆಂದು ಅಮ್ಮ ತಿಳಿದಿದ್ದಳು. ಅವರು ಬಂದರಿನ ಪೇಟೆಗೆ ಹೋದದ್ದು ನನಗೆ ಮಾತ್ರ ಗೊತ್ತು. ಪ್ರೊಫೆಸರರಿಂದ ಹಿಡಿದು ಮೀನಿನವಳ ತನಕ ಯಾರ ಸ್ವರವೂ ನನಗೆ ಬರುತ್ತಿತ್ತು. ಚಾವಡಿಗೆ ಹೋಗಿ, ಬಾಗಿಲ ಹಿಂದೆ ನಿಂತು, ನಶ್ಯ ಏರಿಸಿದವರ ಹಾಗೆ ಮೂಗಿನಲ್ಲಿ ಮಾವನ ಸ್ವರ ಹೊರಡಿಸಿದೆ. "ತಂಗೀ, ಹುಡುಗ ಓದಿದವ. ಕೊಡು ಅವನಿಗೆ."

ಅಮ್ಮ ಎಣ್ಣೆಯನ್ನು ಅಂಗಳದ ಹಂಡೆಗೆ ಸುರಿದಳು. ನಾನು ಸೋಡಾ ಬೆರೆಸಿ, "ಸೌದೆ ಹಾಕು" ಎಂದೆ. "ನೀನೇ ಹಾಕು" ಎಂದಳು. ಪುನಃ ಚಾವಡಿಯ ಕಿಟಕಿಗೆ ಓಡಿದೆ.

"ಸೌದೆ ಹಾಕು!" ಎಂದರು ಮಾವ, ಅಂದರೆ ನಾನು. ನೊರೆ ಏಳಲಿಲ್ಲ. "ಇನ್ನೂ ಹಾಕು!" ಏಳಲಿಲ್ಲ. "ಮತ್ತೂ!" ಸೌದೆಯೆಲ್ಲ ಒಟ್ಟಿಗೆ ಹತ್ತಿ ನೊರೆ ಹಂಡೆಯ ಕಂಠಕ್ಕೆ ಬಂತು. "ತೆಗಿ!" ಅಮ್ಮ ಸೌದೆ ಎಳೆದಳು. ನೊರೆ ಏರುತ್ತಲೇ ಇತ್ತು. ಒಲೆಯಲ್ಲಿ ಕೆಂಡ ಇತ್ತು. ಸಮೀಕರಣದಲ್ಲಿ ಕೆಂಡ ಇರಲಿಲ್ಲ!

"ಕೆಂಡಕ್ಕೆ ನೀರು!" ಎಂದೆ. ಹಂಡೆ ತಣ್ಣಗಾಯಿತು. ಪುನಃ ಬೆಂಕಿ, ಪುನಃ ಸೌದೆ, ಪುನಃ ನೊರೆ.

"ಅಣ್ಣನಿಗೆ ಇವತ್ತು ಎಂತ ಆಗಿದೆ? ನೋಡಿ ಬಾ" ಎಂದು ಅಮ್ಮ ಅಕ್ಕನನ್ನು ಕಳುಹಿಸಿದಳು. ಅಕ್ಕ ಬಂದು ನೋಡಿ ಕೂಗಿದಳು: "ಅಮ್ಮಾ, ಇಲ್ಲಿ ಮಾವ ಇಲ್ಲ! ಈ ಮಂಗ ಉಂಟು!"

ಸರಿಯಾಗಿ ಆಗಲೇ ನಿಜವಾದ ಮಾವ ಅಂಗಳಕ್ಕೆ ಕಾಲಿಟ್ಟರು. "ತಂಗೀ! ಉಕ್ಕುತ್ತಾ ಉಂಟು! ಬೆಂಕಿ ತೆಗಿ!"

ಅಮ್ಮ ತಿರುಗಿಯೂ ನೋಡಲಿಲ್ಲ. "ಬಾಯಿ ಮುಚ್ಚು ಮಂಗ! ಸಾಕು ನಿನ್ನ ನಾಟಕ!" ಎಂದು, ಸಿಟ್ಟಿನಲ್ಲಿ ಇನ್ನೊಂದು ಕೊಳ್ಳಿ ತುರುಕಿದಳು.

ಹಂಡೆ ಉಕ್ಕಿತು. ಅಮ್ಮ ಒಂದು ಕಡೆ ಹಾರಿದಳು, ಮಾವ ಇನ್ನೊಂದು ಕಡೆ. ಮಾವನ ಚಪ್ಪಲಿಗಳಿಗೆ ಹಾರಲು ಬರುತ್ತಿರಲಿಲ್ಲ. ನೊರೆ ಒಲೆಗಿಳಿದು ಬೆಂಕಿಯನ್ನು ಪೂರ್ತಿ ನಂದಿಸಿತು. ನಿಯಂತ್ರಣದ ವಿದ್ಯೆ ನನಗಿಂತ ಹಂಡೆಗೇ ಚೆನ್ನಾಗಿ ಬರುತ್ತಿತ್ತು.

"ಇನ್ನು ಹಪ್ಪಳ ಯಾವುದರಲ್ಲಿ ಕರಿಯುವುದು? ನಿನ್ನ ಲೆಕ್ಕದಲ್ಲಿಯಾ?" ಎಂದು ಮಾವ ಗುಡುಗಿದರು.

"ಒಂದು ಡಬ್ಬ ಎಣ್ಣೆ ಮೊದಲೇ ಅಟ್ಟದಲ್ಲಿ ಅಡಗಿಸಿಟ್ಟಿದ್ದೇನೆ ಮಾವ" ಎಂದಳು ಅಕ್ಕ. "ಇವನ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು."

ಮದುವೆಯ ಮುನ್ನಾದಿನ ಹಪ್ಪಳದ ಒಲೆಯ ಮುಂದೆ ನನ್ನನ್ನೇ ಕೂರಿಸಿದರು. ಬೆನ್ನ ಹಿಂದಿನಿಂದ ಮಾವನ ಅಪ್ಪಣೆ: "ಸೌದೆ ಹಾಕು!" ಹಾಕಿದೆ. "ತೆಗಿ!" ತೆಗೆದೆ. "ಕೆಂಡ ಮರೆತೆಯಾ?" ಮರೆತಿರಲಿಲ್ಲ, ಕೆದಕಿದೆ. ಹೆದರಿಕೆಯಲ್ಲಿ ತಿರುಗಿಯೂ ನೋಡಲಿಲ್ಲ.

ಸಂಜೆ ವಾಮಂಜೂರಿನ ಎತ್ತಿನ ಗಾಡಿ ಬಂದು ನಿಂತಿತು. ಅದರಿಂದ ಮಾವ ಇಳಿದರು!

ತಿರುಗಿ ನೋಡಿದೆ. ಮದುಮಗಳು ಎರಡೂ ಕೈಗೆ ಮದರಂಗಿ ಮೆತ್ತಿಕೊಂಡು, ಮೂಗನ್ನು ಮಾವನಂತೆ ಏರಿಸಿಕೊಂಡು ಕುಳಿತಿದ್ದಳು.

ಹಪ್ಪಳ ಒಂದೂ ಕರಟಿರಲಿಲ್ಲ.