ಐದು ನಿಮಿಷಕ್ಕೊಮ್ಮೆ ಮಗಳು

ಮಕ್ಕಳನ್ನು ಎಲ್ಲರೂ ಬೆಳೆಸುತ್ತಾರೆ, ಅದರಲ್ಲೇನು ದೊಡ್ಡಸ್ತಿಕೆ? ನಾನು ನನ್ನ ಮಗಳನ್ನು ವೈಜ್ಞಾನಿಕವಾಗಿ ಅಧ್ಯಯನ ಮಾಡಿಯೇ ತೀರುತ್ತೇನೆ ಎಂದು ಪಣ ತೊಟ್ಟೆ! ಹಗಲು ಗಣಿತದ ಮೇಷ್ಟ್ರಾದ ನಾನು ಸಂಜೆ ತರಗತಿಯಲ್ಲಿ ‘ಮಾನವ ವಿಕಾಸ’ ಓದಲು ಸೇರಿದ್ದೆ. ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯ ಬೆಳೆಯುವ ಬಗೆಯ ಮೇಲೆ ಒಂದು ದಪ್ಪ ಪುಸ್ತಕ. ಸಿದ್ಧಾಂತಗಳು, ಸಂಶೋಧನಾ ವಿಧಾನಗಳು ಅಂತ ಎರಡು ಅಧ್ಯಾಯ ಮುಗಿಸುವಷ್ಟರಲ್ಲಿ ನನಗೆ ಕೋಡು ಮೂಡಿತ್ತು.

ಒಂದು ಮಗುವನ್ನು ಏಳು ದಿನ ಗಮನಿಸಿ ವರದಿ ಒಪ್ಪಿಸಬೇಕಿತ್ತು. ಮನೆಯಲ್ಲೇ ಹದಿನೈದು ತಿಂಗಳಿನವಳು ಅಂಬೆಗಾಲಿಡುತ್ತಿರುವಾಗ ಊರವರ ಮಗು ಯಾಕೆ?

“ನೋಡು,” ಹೆಂಡತಿಗೆ ಅಪ್ಪಣೆ ಕೊಡಿಸಿದೆ, “ಈ ಏಳು ದಿನ ನಾನು ಅಪ್ಪನಲ್ಲ, ವೀಕ್ಷಕ. ಐದು ನಿಮಿಷಕ್ಕೊಮ್ಮೆ ಈ ಗಡಿಯಾರ ಟಿಣ್ ಅನ್ನುತ್ತೆ. ಆ ಕ್ಷಣದಲ್ಲಿ ಅವಳು ಏನು ಮಾಡ್ತಿರ್ತಾಳೋ ಅದಷ್ಟೇ ದಾಖಲೆ. ಅವಳ ಬಗ್ಗೆ ನೀನು ನನಗೆ ಒಂದಕ್ಷರ ಹೇಳಕೂಡದು. ಪೂರ್ವಗ್ರಹ ಬಂದುಬಿಡುತ್ತೆ!”

“ಏನೇ ಆದ್ರೂ?”

“ಏನೇ ಆದ್ರೂ!”

“ಸರಿ. ಆಮೇಲೆ ನನ್ನ ಮೇಲೆ ಹಾರಾಡಬೇಡಿ.”

ಸೋಮವಾರ ಸೋಫಾದ ಹಿಂದೆ ಪ್ರತಿಷ್ಠಾಪನೆಗೊಂಡೆ. ಟಿಣ್! ಇಣುಕಿ ನೋಡಿದೆ. ‘ಕುಳಿತಿದ್ದಾಳೆ.’ ಮತ್ತೆ ತಲೆ ತಗ್ಗಿಸಿ ಬರೆದೆ, ಗೆರೆ ಎಳೆದೆ, ಕೋಷ್ಟಕ ತುಂಬಿದೆ. ಟಿಣ್! ‘ಕುಳಿತಿದ್ದಾಳೆ.’ ಮಂಗಳವಾರವೂ ಅಷ್ಟೇ. ಬುಧವಾರ ಒಟ್ಟು ಲೆಕ್ಕ ಹಾಕಿ ನೋಡಿದೆ: ತೊಂಬತ್ತೆರಡು ದಾಖಲೆ, ತೊಂಬತ್ತೆರಡೂ ‘ಕುಳಿತಿದ್ದಾಳೆ’! ಅಂಬೆಗಾಲೂ ನಿಂತುಹೋಯಿತೇ? ಪುಸ್ತಕದ ಪಟ್ಟಿ ತೆಗೆದೆ. ‘ಈ ವಯಸ್ಸಿಗೆ ಹೆಚ್ಚಿನ ಮಕ್ಕಳು ನಡೆಯುತ್ತವೆ.’ ಮೇಲಿನ ಮನೆಯ ದರ್ಜಿಯ ಮಗ ಇವಳಿಗಿಂತ ಚಿಕ್ಕವನು, ಪುಂಡ, ಮೆಟ್ಟಿಲ ತುಂಬ ಓಡಾಡುತ್ತಾನೆ!

ಗುರುವಾರ ಕರಿಹಲಗೆಯ ಮೇಲೆ ತ್ರಿಕೋನ ಬರೆಯಲು ಹೋಗಿ ಪುಟ್ಟ ಪಾದ ಬರೆದೆನಂತೆ. ಮಕ್ಕಳು ಕಿಸಕ್ಕೆಂದರು. ಮನೆಗೆ ಬಂದು ಮಲಗಿದ್ದ ಮಗಳ ಅಂಗಾಲು ಒತ್ತಿ ನೋಡಿದೆ. ಬೆಚ್ಚಗಿತ್ತು. ನನಗೆ ಅಳು ಬಂತು. ಹೆಂಡತಿಗೆ ಹೇಳೋಣವೆಂದರೆ ಪಾಪ, ಅವಳೂ ಹೆದರಿಯಾಳು. ಅವಳೋ ಇದೇನೂ ತಿಳಿಯದೆ ಒಬ್ಬಳೇ ನಗುತ್ತಿದ್ದಳು!

ಶನಿವಾರ “ತೂಕ ನೋಡಿಸಿಕೊಂಡು ಬರೋಣ” ಎಂದು ಸುಳ್ಳು ಹೇಳಿ ಇಬ್ಬರನ್ನೂ ಮಕ್ಕಳ ಡಾಕ್ಟರ ಬಳಿ ಕರೆದೊಯ್ದೆ. ಹೆಂಡತಿ ಚೀಟಿ ಬರೆಸುತ್ತಿದ್ದಾಗ ಒಳಗೆ ನುಗ್ಗಿ, ಮಗಳನ್ನು ನೆಲದ ಮೇಲೆ ಬಿಟ್ಟು, ಕೋಷ್ಟಕ ಓದತೊಡಗಿದೆ.

“ಮೇಷ್ಟ್ರೇ, ಯಾವ ಮಗು ಇದು?”

“ನನ್ನದೇ, ಡಾಕ್ಟ್ರೇ!”

“ಹಾಗಾದ್ರೆ ಅಲ್ಲಿ ನನ್ನ ಚಪ್ಪಲಿ ಎತ್ತಿಕೊಂಡು ಹೋಗ್ತಿರೋದು ಯಾರದು?”

ತಿರುಗಿದೆ. ನನ್ನ ಮಗಳು! ಎರಡು ಕಾಲ ಮೇಲೆ, ಚಪ್ಪಲಿ ಹಿಡಿದು, ತೂರಾಡುತ್ತಾ ಬಾಗಿಲ ಕಡೆಗೆ ಹೊರಟಿದ್ದಾಳೆ! ಅಷ್ಟರಲ್ಲಿ ನನ್ನ ಜೇಬಿನಲ್ಲಿ ಟಿಣ್! ತಕ್ಷಣ ಧೊಪ್ಪನೆ ಕುಳಿತು, ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿದಳು. ಆ ಗಂಟೆ ಎಂದರೆ ಅವಳಿಗೆ ಅಪ್ಪನ ಜೊತೆ ಆಡುವ ಆಟ: ಟಿಣ್ ಅಂದರೆ ಅಪ್ಪ ಇಣುಕಬೇಕು, ತಾನು ಕುಳಿತುಬಿಡಬೇಕು!

ಒಳಗೆ ಬಂದ ಹೆಂಡತಿಗೆ ವಿಷಯ ತಿಳಿದು ನಗಬೇಕೋ ಬೈಯಬೇಕೋ ಗೊತ್ತಾಗಲಿಲ್ಲ. “ಕಾಲಿಗೆ ಏನೋ ಆಗಿದೆ ಅಂತ ಒಬ್ರೇ ಕೊರಗ್ತಿದ್ರಾ? ಮಂಗಳವಾರದಿಂದ ನಡೀತಿದ್ದಾಳೆ!”

“ನನಗ್ಯಾಕೆ ಹೇಳಲಿಲ್ಲ?” ಹಾರಾಡಿದೆ.

“ಏನೇ ಆದ್ರೂ ಹೇಳಬೇಡ ಅಂದೋರು ಯಾರು? ಬಾಯಲ್ಲಿ ಹೇಳಲಿಲ್ಲ, ಅಷ್ಟೇ. ನಿಮ್ಮ ನೋಟ್‌ಬುಕ್ಕಿನ ಕೊನೇ ಪುಟ ನೋಡಿ.”

ನೋಡಿದೆ. ಅವಳ ದುಂಡು ಅಕ್ಷರ:

‘ಮಂಗಳವಾರ, ಸಂಜೆ ಐದೂ ಹನ್ನೆರಡು. ಮಗಳು: ಮೊದಲ ಹೆಜ್ಜೆ. ಒಟ್ಟು ನಾಲ್ಕು. ಅಪ್ಪನ ಕಡೆಗೇ. ಅಪ್ಪ: ತಲೆ ತಗ್ಗಿಸಿ ಕುಳಿತಿದ್ದಾರೆ.’